ಅದೇ ಹುಡುಗ, ಮತ್ತೆ ಪೆಟ್ಟು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಹೊಗೆಸೊಪ್ಪಿನ ಸೀಮೆಯಲ್ಲಿ ಮಳೆಗಾಲದ ನಡುವೆ ಹಿಡಿದ ಕೆಲಸ ದಸರೆ ದಾಟುವವರೆಗೂ ಮನೆಮಂದಿಗೆ ನಿದ್ದೆ ಕೊಡುವುದಿಲ್ಲ. ಸೊಪ್ಪು ಮುರಿದು ತರಬೇಕು, ಕಡ್ಡಿಗೆ ಕಟ್ಟಬೇಕು, ಸೊಪ್ಪು ಹದಮಾಡುವ ಬ್ಯಾರನ್ನಿನೊಳಗೆ ಅಡ್ಡಮರದಿಂದ ಅಡ್ಡಮರಕ್ಕೆ ಹತ್ತಿ ನೇತುಹಾಕಬೇಕು. ಆಮೇಲೆ ಐದಾರು ದಿನ ಹಗಲೂ ರಾತ್ರಿ ಒಲೆಗೆ ಸೌದೆ ಒಡ್ಡುತ್ತ, ಒಳಗಿನ ಶಾಖವನ್ನು ಸುಮಾರು 35 ಡಿಗ್ರಿಯಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮೆಲ್ಲಮೆಲ್ಲಗೆ ಏರಿಸಬೇಕು. ಒಂದು ರಾತ್ರಿ ಕಣ್ಣು ಮುಚ್ಚಿದರೆ ವರ್ಷದ ದುಡಿಮೆ ಕಪ್ಪಾಗಿ ಹೋದೀತು. ಇಷ್ಟರ ನಡುವೆ ಮನೆಯಲ್ಲಿ ಮಕ್ಕಳೂ ಇರುತ್ತವೆ.

ಹುಣಸೂರು ತಾಲ್ಲೂಕಿನ ಗುರುಪುರ ಅಂಥ ಒಂದು ಊರು. ಪಕ್ಕದಲ್ಲೇ 1970ರ ದಶಕದ ಆರಂಭದಿಂದ ನೆಲೆನಿಂತ ಟಿಬೆಟನ್ನರ ವಸತಿ, ಗ್ಯುಮೆ ತಾಂತ್ರಿಕ ಮಠ. ಸುತ್ತ ಹೊಗೆಸೊಪ್ಪು, ಮುಸುಕಿನ ಜೋಳ, ರಾಗಿಯ ಹೊಲಗಳು. ಈ ಭಾಗದಲ್ಲಿ ಒಂದು ಮಗು ಎಲ್ಲೆಲ್ಲಿ ಪೆಟ್ಟು ಮಾಡಿಕೊಳ್ಳಬಹುದು ಎಂದು ಎಣಿಸಲು ಹೊರಟರೆ ಬೆರಳು ಸಾಲುವುದಿಲ್ಲ. ಬ್ಯಾರನ್ನಿನ ಒಲೆಯ ಬಾಯಿ, ಒಟ್ಟಿದ ಸೌದೆ, ಏಣಿ, ಕೊಡಲಿ, ನಾಲೆಯ ಪಾಚಿಗಟ್ಟಿದ ಮೆಟ್ಟಿಲು, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಟ್ರ್ಯಾಕ್ಟರಿನ ಮಡ್‌ಗಾರ್ಡು, ಮಾವಿನ ಮರ. ಈ ಅಪಾಯಗಳು ಊರಿನ ಎಲ್ಲ ಮಕ್ಕಳಿಗೂ ಹೆಚ್ಚುಕಮ್ಮಿ ಸಮಾನ. ಪೆಟ್ಟು ಮಾತ್ರ ಸಮಾನವಾಗಿ ಬೀಳುವುದಿಲ್ಲ. ಎಲ್ಲ ಊರಲ್ಲೂ ಒಬ್ಬ ಇರುತ್ತಾನೆ: ಹೋದ ವರ್ಷ ಕೈ ಮುರಿದವನು, ಯುಗಾದಿಗೆ ಹುಬ್ಬು ಸೀಳಿಕೊಂಡು ಹೊಲಿಗೆ ಹಾಕಿಸಿಕೊಂಡವನು, ಈಗ ಕಾಲಿಗೆ ಬಿಸಿ ಬೂದಿ ತುಳಿದು ಬಂದವನು. ಅವನ ಜೊತೆಗೇ ಆಡುವ ಚಿಕ್ಕಪ್ಪನ ಮಗನ ಮೈಮೇಲೆ ಒಂದು ಗೀರೂ ಇರುವುದಿಲ್ಲ.

“ಈ ಹೈದಂಗೆ ಯಾರ ಕಣ್ಣು ಬಿತ್ತೊ ಕಾಣೆ ಕನವ್ವ” ಎಂದು ಅಜ್ಜಿ ಉಪ್ಪು ಮೆಣಸಿನಕಾಯಿ ಇಳಿ ತೆಗೆಯುತ್ತಾಳೆ. “ಕಣ್ಣೂ ಇಲ್ಲ ಗಿಣ್ಣೂ ಇಲ್ಲ, ಅವನ ಕಾಲು ನೆಲದ ಮೇಲೆ ನಿಂತ್ರೆ ತಾನೆ” ಎನ್ನುತ್ತಾಳೆ ತಾಯಿ. ಅಪ್ಪ ಶನಿ ದೇವರ ಗುಡಿಗೆ ಎಳ್ಳೆಣ್ಣೆ ಒಯ್ಯುತ್ತಾನೆ. ಬೇಲಿಯಾಚೆಯ ಟಿಬೆಟನ್ನರಲ್ಲೂ ಕಂಟಕದ ಲೆಕ್ಕ ಇದೆ. ಹುಟ್ಟಿದ ವರ್ಷದ ಪ್ರಾಣಿ ಹನ್ನೆರಡು ವರ್ಷಕ್ಕೊಮ್ಮೆ ಮರಳಿ ಬರುವ ವರ್ಷವನ್ನು ಅವರು ಅಡೆತಡೆಯ ವರ್ಷವೆಂದು ಎಣಿಸಿ ಪೂಜೆ ಮಾಡಿಸುತ್ತಾರೆ. ಈ ಮೂರು ನಾಲ್ಕು ವಿವರಣೆಗಳಲ್ಲಿ ವಿಜ್ಞಾನಕ್ಕೆ ಹತ್ತಿರದ್ದು ತಾಯಿಯದೇ. ಆದರೆ ಅವಳ ಮಾತೂ ಅರ್ಧ ನಿಜ. ಉಳಿದ ಅರ್ಧವನ್ನು ಕಂಡುಕೊಳ್ಳಲು ಮನೋವಿಜ್ಞಾನಿಗಳಿಗೆ ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು. ಆ ದಾರಿಯಲ್ಲಿ ಅವರೂ ಕೆಲಕಾಲ ಅಜ್ಜಿಯ ಪಕ್ಕ ಕೂತಿದ್ದರು, ಹೆಸರು ಬೇರೆ ಇಟ್ಟುಕೊಂಡು.

ಮೊದಲು ಆಕಸ್ಮಿಕದ ಲೆಕ್ಕ ಚುಕ್ತಾ ಮಾಡೋಣ. ಚೆಲ್ಲು ಬಿತ್ತನೆ ಮಾಡಿದ ರಾಗಿ ಹೊಲವನ್ನು ಮೊಳಕೆಯೊಡೆದಾಗ ನೋಡಿ. ಕೈ ಎಷ್ಟೇ ಪಳಗಿದ್ದರೂ ಒಂದು ಕಡೆ ಪೈರು ಗುಂಪುಗುಂಪಾಗಿ, ಇನ್ನೊಂದು ಕಡೆ ನೆಲ ಬೋಳಾಗಿ ಇರುತ್ತದೆ. ಗುಂಪು ಎದ್ದ ಜಾಗದಲ್ಲಿ ಮಣ್ಣಿನ ವಿಶೇಷ ಏನೂ ಇಲ್ಲದಿರಬಹುದು. ಪೆಟ್ಟುಗಳೂ ಹೀಗೇ ಚೆಲ್ಲಿಕೊಳ್ಳುತ್ತವೆ. 300 ಮಕ್ಕಳ ಒಂದು ಶಾಲೆ, ಎಲ್ಲರೂ ಪೆಟ್ಟಿಗೆ ಒಂದೇ ಸಮನೆ ಒಡ್ಡಿಕೊಂಡವರು, ವರ್ಷಕ್ಕೆ ಒಟ್ಟು 300 ಗಾಯ ಎಂದಿಟ್ಟುಕೊಳ್ಳಿ. ತಲೆಗೊಂದು ಗಾಯ ಆಗುತ್ತದೆಯೇ? ಇಲ್ಲ. ಸಂಭವನೀಯತೆಯ ಗಣಿತದ ಪ್ರಕಾರ ಸುಮಾರು 110 ಮಕ್ಕಳಿಗೆ ಏನೂ ಆಗುವುದಿಲ್ಲ, ಇನ್ನು 110 ಮಕ್ಕಳಿಗೆ ಒಂದೊಂದು, 55 ಮಕ್ಕಳಿಗೆ ಎರಡೆರಡು, 18 ಮಕ್ಕಳಿಗೆ ಮೂರು ಮೂರು. ಐದಾರು ಮಕ್ಕಳಿಗೆ ನಾಲ್ಕು ಅಥವಾ ಅದಕ್ಕೂ ಹೆಚ್ಚು! ಆ ಐದಾರು ಮಕ್ಕಳ ಸ್ವಭಾವದಲ್ಲಿ ಯಾವ ಕೊರತೆಯೂ ಇಲ್ಲ. ಲೆಕ್ಕ ಅವರ ಮೇಲೆ ಬಿತ್ತು, ಅಷ್ಟೇ. ಆದರೆ ಮೇಷ್ಟ್ರ ಕಣ್ಣಿಗೆ ಅವರು ‘ಯಾವಾಗಲೂ ಬಿದ್ದು ಬರುವವರು’. ಪ್ರಷ್ಯದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕವನ್ನು ಬೋರ್ಟ್ಕೆವಿಚ್ ಎಂಬ ಸಂಖ್ಯಾಶಾಸ್ತ್ರಜ್ಞ 1898ರಲ್ಲಿ ಪ್ರಕಟಿಸಿದಾಗ ಅದೂ ಇದೇ ಗಣಿತಕ್ಕೆ ಅಚ್ಚುಕಟ್ಟಾಗಿ ಹೊಂದಿತು. ಕೆಲವೇ ತುಕಡಿಗಳಿಗೆ ಕೆಟ್ಟ ಕುದುರೆಗಳು ಸಿಕ್ಕಿದ್ದವು ಎಂದೇನಲ್ಲ.

ಹಾಗಾದರೆ ಎಲ್ಲವೂ ಆಕಸ್ಮಿಕವೇ? ಈ ಪ್ರಶ್ನೆಯನ್ನು ಸರಿಯಾಗಿ ಕೇಳಿದ ಮೊದಲಿಗರು ಮೇಜರ್ ಗ್ರೀನ್‌ವುಡ್ ಮತ್ತು ಹಿಲ್ಡಾ ವುಡ್ಸ್. (ಮೇಜರ್ ಎನ್ನುವುದು ಅವರ ಹೆಸರೇ, ಸೈನ್ಯದ ಹುದ್ದೆಯಲ್ಲ.) ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿದ ಹೆಂಗಸರ ಗಾಯಗಳ ದಾಖಲೆಯನ್ನು ಅವರು ಅಳೆದು ನೋಡಿದರು. 1919ರ ಅವರ ವರದಿಯಲ್ಲಿ ಕಂಡದ್ದು ಇದು: ಪದೇ ಪದೇ ಗಾಯಗೊಂಡವರು ಬರೀ ಆಕಸ್ಮಿಕ ಹೇಳುವುದಕ್ಕಿಂತ ಹೆಚ್ಚಾಗಿದ್ದರು. ಎಲ್ಲರಿಗೂ ಪೆಟ್ಟಾಗುವ ಸಂಭವ ಒಂದೇ ಅಲ್ಲ ಎಂದಿಟ್ಟುಕೊಂಡರೆ ಲೆಕ್ಕ ಚೆನ್ನಾಗಿ ಕೂರುತ್ತಿತ್ತು. ಇಷ್ಟು ಹೇಳಿ ಅವರು ಸುಮ್ಮನಾದರು. ಬೇರೆಯವರು ಸುಮ್ಮನಾಗಲಿಲ್ಲ. 1926ರಲ್ಲಿ ಇಂಗ್ಲೆಂಡಿನ ಫಾರ್ಮರ್ ಮತ್ತು ಚೇಂಬರ್ಸ್, ಅದೇ ಹೊತ್ತಿಗೆ ಜರ್ಮನಿಯ ಕಾರ್ಲ್ ಮಾರ್ಬೆ, ‘ಅಪಘಾತಕ್ಕೆ ಒಲಿದ ಸ್ವಭಾವ’ ಎಂಬುದೊಂದು ಇದೆ, ಅದು ಮನುಷ್ಯನೊಳಗೆ ಸ್ಥಿರವಾಗಿ ಕೂತಿರುತ್ತದೆ ಎಂದು ಸಾರಿದರು.

ಅಲ್ಲಿಂದ ಈ ಕಲ್ಪನೆ ಆಸ್ಪತ್ರೆಗೆ ಕಾಲಿಟ್ಟದ್ದು ಒಂದು ಸ್ವಾರಸ್ಯದ ಕಥೆ. ನ್ಯೂಯಾರ್ಕಿನಲ್ಲಿ ಫ್ಲಾಂಡರ್ಸ್ ಡನ್‌ಬಾರ್ ಎಂಬ ವೈದ್ಯೆ ಹೃದ್ರೋಗಿಗಳ ಮನಸ್ಸನ್ನು ಅಭ್ಯಾಸ ಮಾಡುತ್ತಿದ್ದರು. ಹೋಲಿಕೆಗೆಂದು ‘ಮಾಮೂಲಿ ಜನ’ ಬೇಕಾಗಿತ್ತು. ಮೂಳೆ ಮುರಿದು ಬಂದವರನ್ನು ಆರಿಸಿಕೊಂಡರು. ನೋಡಿದರೆ ಅವರಲ್ಲೇ ಒಂದು ಬಗೆಯ ಹೋಲಿಕೆ ಕಂಡಿತು. ತಾಳ್ಮೆಯಿಲ್ಲದವರು, ಕ್ಷಣದ ಉಮೇದಿಗೆ ಬೀಳುವವರು, ದೊಡ್ಡವರ ಅಧಿಕಾರಕ್ಕೆ ಒಳಗೊಳಗೇ ಸೆಟೆದು ನಿಲ್ಲುವವರು. ಅದಕ್ಕೂ ಮೊದಲೇ ಫ್ರಾಯ್ಡ್ 1901ರಲ್ಲಿ, ಕೈತಪ್ಪಿ ಆಗುವ ಗಾಯಗಳ ಹಿಂದೆ ತನ್ನನ್ನು ತಾನೇ ದಂಡಿಸಿಕೊಳ್ಳುವ ಅಪ್ರಜ್ಞಾಪೂರ್ವಕ ಆಸೆ ಇರಬಹುದು ಎಂದಿದ್ದ. ಎರಡೂ ಕೂಡಿಕೊಂಡು, ಪದೇ ಪದೇ ಬೀಳುವ ಮಗು ಒಳಗೆಲ್ಲೋ ಬೀಳಲು ಬಯಸುತ್ತದೆ ಎಂಬಲ್ಲಿಗೆ ಬಂದು ನಿಂತಿತು. ನನಗೆ ಇದು ದೃಷ್ಟಿ ತಾಗುವುದಕ್ಕಿಂತ ಕ್ರೂರವಾದ ವಿವರಣೆ ಅನ್ನಿಸುತ್ತದೆ. ದೃಷ್ಟಿಯಾದರೆ ತಪ್ಪು ನೆರೆಮನೆಯವರದಾದರೂ ಆಗುತ್ತದೆ. ಕಾರ್ಖಾನೆಯ ಮಾಲೀಕರಿಗೆ ಮಾತ್ರ ಈ ಸಿದ್ಧಾಂತ ಹಿತವಾಗಿತ್ತು. ಯಂತ್ರಕ್ಕೆ ಕಾಪು ಹಾಕಿಸುವುದಕ್ಕಿಂತ ‘ಅಂಥ ಸ್ವಭಾವದವರನ್ನು’ ಕೆಲಸದಿಂದ ತೆಗೆಯುವುದು ಅಗ್ಗ.

ಮುಂದಿನ ಪೀಳಿಗೆಯ ಸಂಶೋಧಕರು ಸಿದ್ಧಾಂತವನ್ನು ಬದಿಗಿಟ್ಟು ಮಕ್ಕಳನ್ನೇ ಹಿಂಬಾಲಿಸಿದರು. ಬ್ರಿಟನ್ನಿನಲ್ಲಿ 1970ರ ಏಪ್ರಿಲಿನ ಒಂದು ವಾರದಲ್ಲಿ ಹುಟ್ಟಿದ ಮಕ್ಕಳ ಜೀವನವನ್ನು ದಾಖಲಿಸುತ್ತ ಬಂದ ಒಂದು ದೊಡ್ಡ ಅಧ್ಯಯನ ಇದೆ. ಪಾಲಿ ಬೈಜರ್ ಮತ್ತು ಸಂಗಡಿಗರು ಅದರಲ್ಲಿನ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಗಾಯದ ಚರಿತ್ರೆಯನ್ನು 1988ರಲ್ಲಿ ಬಿಡಿಸಿಟ್ಟರು. ಐದು ವರ್ಷ ತುಂಬುವುದರೊಳಗೆ ಮೂರು ಅಥವಾ ಹೆಚ್ಚು ಸಲ ಪೆಟ್ಟಾದ ಮಕ್ಕಳು, ಮುಂದಿನ ಐದು ವರ್ಷಗಳಲ್ಲೂ ಮೂರಕ್ಕೂ ಕಡಿಮೆಯಿಲ್ಲದಂತೆ ಪೆಟ್ಟು ಮಾಡಿಕೊಳ್ಳುವ ಸಂಭವ, ಮೊದಲು ಏನೂ ಆಗದಿದ್ದ ಮಕ್ಕಳಿಗಿಂತ ಸುಮಾರು ಆರು ಪಟ್ಟು. ಬರೀ ರಾಗಿ ಚೆಲ್ಲಿದ ಲೆಕ್ಕವಾಗಿದ್ದರೆ ಹೀಗಾಗುತ್ತಿರಲಿಲ್ಲ. ಅಂದರೆ ಅಜ್ಜಿ ನೋಡಿದ್ದು ಸುಳ್ಳಲ್ಲ, ಅದೇ ಹುಡುಗನಿಗೆ ಮತ್ತೆ ಪೆಟ್ಟಾಗುತ್ತದೆ. ಏಕೆ ಎಂಬುದು ಉಳಿಯಿತು.

ಅಮೆರಿಕದ ಅಯೊವಾ ವಿಶ್ವವಿದ್ಯಾಲಯದ ಜೋಡಿ ಪ್ಲುಮರ್ಟ್ 1995ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಿಕ್ಕ ಉತ್ತರಗಳಲ್ಲಿ ನನಗೆ ಬಹಳ ಹಿಡಿಸಿದ್ದು. ಅದರಲ್ಲಿ ಯಂತ್ರ, ಸೂಜಿ, ರಕ್ತ ಯಾವುದೂ ಇಲ್ಲ. ಆರು ವರ್ಷದ ಮಕ್ಕಳು, ಎಂಟು ವರ್ಷದ ಮಕ್ಕಳು, ದೊಡ್ಡವರು. ಒಂದು ಹಲಗೆಯ ಮೇಲೆ ಆಟಿಕೆ ಇಟ್ಟು “ನಿನ್ನ ಕೈಗೆ ಎಟಕುತ್ತದೆಯೇ?” ಎಂದು ಕೇಳುವುದು, ನೆಲದ ಮೇಲೆ ಎರಡು ಕೋಲು ಹಾಕಿ “ದಾಟಬಲ್ಲೆಯಾ?”, ಅಡ್ಡಕೋಲು ಕಟ್ಟಿ “ಕೆಳಗೆ ನುಸುಳಬಲ್ಲೆಯಾ?” ಎಂದು ಕೇಳುವುದು. ಕೆಲವು ಸಲೀಸು, ಕೆಲವು ಕೂದಲೆಳೆಯಲ್ಲಿ ಆಗದಂಥವು, ಕೆಲವು ಸುತರಾಂ ಆಗದಂಥವು. ಮೊದಲು ಹೇಳಬೇಕು, ಆಮೇಲೆ ಮಾಡಿ ತೋರಿಸಬೇಕು. ಸಲೀಸಾದದ್ದನ್ನು ಎಲ್ಲರೂ ಸರಿಯಾಗಿ ಹೇಳಿದರು. ತಮ್ಮ ಮೈಗೆ ಮೀರಿದ್ದನ್ನು ‘ಆಗುತ್ತೆ’ ಎಂದವರಲ್ಲಿ ಮಕ್ಕಳೇ ಮುಂದು, ಅದರಲ್ಲೂ ಚಿಕ್ಕವರು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಸ್ಪತ್ರೆ ಕಾಣುವಂಥ ಪೆಟ್ಟು ಯಾರಿಗೆ ಎಷ್ಟಾಗಿದೆ ಎಂದು ತಂದೆತಾಯಿಯರನ್ನು ಕೇಳಿದರು. ಆರು ವರ್ಷದವರಲ್ಲಿ, ತಮ್ಮ ಶಕ್ತಿಯನ್ನು ಮೀರಿ ಅಂದಾಜು ಮಾಡುವುದಕ್ಕೂ ಹಿಂದಿನ ಪೆಟ್ಟುಗಳಿಗೂ ನಂಟು ಕಾಣಿಸಿತು.

ಇದನ್ನು ಗುರುಪುರದ ನಾಲೆಯ ದಡಕ್ಕೆ ತಂದು ನೋಡಿ. ಎರಡು ಮಕ್ಕಳು ನಿಂತಿವೆ. ಇಬ್ಬರಿಗೂ ನೀರು ಆಳವಿದೆ ಎಂದು ಗೊತ್ತು, ಇಬ್ಬರಿಗೂ ಮನೆಯಲ್ಲಿ ಹೇಳಿದ್ದಾರೆ. ಒಬ್ಬನ ಲೆಕ್ಕದಲ್ಲಿ ನಾಲೆ ತನ್ನ ನೆಗೆತಕ್ಕಿಂತ ಒಂದು ಗೇಣು ಅಗಲ. ಇನ್ನೊಬ್ಬನ ಲೆಕ್ಕದಲ್ಲಿ ಒಂದು ಗೇಣು ಕಿರಿದು. ಎರಡನೆಯವನು ಅಪಾಯವನ್ನು ಲೆಕ್ಕಿಸದವನಲ್ಲ. ಅವನ ಮಟ್ಟಿಗೆ ಅಲ್ಲಿ ಅಪಾಯವೇ ಇಲ್ಲ. “ಹುಷಾರು ಕಣೋ” ಎಂಬ ಕೂಗು ಅವನ ಕಿವಿಗೆ ಬಿದ್ದರೂ ಹತ್ತದಿರುವುದು ಇದಕ್ಕೇ. ಹುಷಾರಾಗಿಯೇ ಇದ್ದೇನಲ್ಲ ಎಂದುಕೊಂಡೇ ಅವನು ನೆಗೆದಿರುತ್ತಾನೆ.

ಈ ತಪ್ಪು ಅಂದಾಜು ಎಲ್ಲಿಂದ ಬರುತ್ತದೆ? ಪ್ಲುಮರ್ಟ್ ಅವರ ಜೊತೆ ಡೇವಿಡ್ ಶ್ವೆಬೆಲ್ ಸೇರಿ ಒಂದಷ್ಟು ಮಕ್ಕಳನ್ನು ಅಂಬೆಗಾಲು ಬಿಟ್ಟ ವಯಸ್ಸಿನಿಂದ ಆರು ವರ್ಷದವರೆಗೆ ಗಮನಿಸಿದರು. 1999ರಲ್ಲಿ ಫಲಿತಾಂಶ ಬಂತು. ಎರಡು ವರ್ಷದ ಕೂಸಾಗಿದ್ದಾಗಲೇ ಹೊಸತರ ಕಡೆ ನುಗ್ಗುವ, ಗದ್ದಲ ಇಷ್ಟಪಡುವ, ಬೇಡವೆಂದರೆ ಕೈ ಹಿಂತೆಗೆಯಲು ಕಷ್ಟಪಡುವ ಮಕ್ಕಳು ಆರನೇ ವಯಸ್ಸಿಗೆ ತಮ್ಮ ಶಕ್ತಿಯನ್ನು ಹೆಚ್ಚಿಸಿ ಅಂದಾಜು ಮಾಡುತ್ತಿದ್ದರು, ಪೆಟ್ಟೂ ಹೆಚ್ಚು ತಿಂದಿದ್ದರು. ತಡೆದು ನಿಲ್ಲುವ ಸಂಕೋಚದ ಮಕ್ಕಳು ತಮ್ಮ ಶಕ್ತಿಯನ್ನು ಕಡಿಮೆಯೇ ಅಂದಾಜು ಮಾಡುತ್ತಿದ್ದರು, ಪೆಟ್ಟೂ ಕಡಿಮೆ. ಇಲ್ಲಿ ಎರಡು ಎಳೆಗಳಿವೆ. ಒಂದು, ನುಗ್ಗುವ ಉಮೇದು. ಇನ್ನೊಂದು, ಶುರುವಾದ ಕೆಲಸವನ್ನು ನಡುವೆ ನಿಲ್ಲಿಸುವ ಕಸುವು. ಈ ಎರಡನೆಯದು ಮಿದುಳಿನ ಹಣೆಭಾಗದ ಕೆಲಸ. ಆ ಭಾಗ ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು. ಉಮೇದು ಹುಟ್ಟಿನಿಂದಲೇ ಬಲವಾಗಿದ್ದು ತಡೆ ನಿಧಾನಕ್ಕೆ ಬಲಿಯುವ ಮಗುವಿಗೆ ಬಾಲ್ಯ ಉದ್ದನೆಯ ಅಪಾಯದ ಕಾಲ.

ಆದರೆ ಈ ಮೀರಿದ ಅಂದಾಜು ಬರೀ ದೋಷವಲ್ಲ ಎಂಬುದನ್ನೂ ಹೇಳಬೇಕು. ನ್ಯೂಯಾರ್ಕಿನ ಕರೆನ್ ಅಡಾಲ್ಫ್ ಪ್ರಯೋಗಶಾಲೆಯಲ್ಲಿ ಆಗತಾನೇ ನಡೆಯಲು ಕಲಿತ ಕೂಸುಗಳ ಹೆಜ್ಜೆ ಎಣಿಸಿದರು. ಆಟದಲ್ಲಿ ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಬೀಳು. ಬೀಳುವುದನ್ನು ಗಂಭೀರವಾಗಿ ತೆಗೆದುಕೊಳ್ಳುವ ಪ್ರಾಣಿಯಾಗಿದ್ದರೆ ಮನುಷ್ಯ ನಡೆಯುವುದನ್ನೇ ಕಲಿಯುತ್ತಿರಲಿಲ್ಲ. ಅದಕ್ಕಿಂತ ಬೆರಗಿನ ಸಂಗತಿಯನ್ನೂ ಅಡಾಲ್ಫ್ ತೋರಿಸಿದ್ದಾರೆ. ವಾರಗಟ್ಟಲೆ ಅಂಬೆಗಾಲಿಟ್ಟು ಅನುಭವವಾದ ಕೂಸು ಕಡಿದಾದ ಇಳಿಜಾರಿನ ಅಂಚಿನಲ್ಲಿ ನಿಂತು ಹಿಂಜರಿಯುತ್ತದೆ. ಅದೇ ಕೂಸು ಎದ್ದು ನಡೆಯಲು ಶುರುಮಾಡಿದ ಮೇಲೆ, ಅದೇ ಇಳಿಜಾರಿನಲ್ಲಿ, ಹಿಂದೆಂದೂ ಕಾಣದವರಂತೆ ಹೆಜ್ಜೆ ಇಟ್ಟು ಉರುಳುತ್ತದೆ. ಎತ್ತರ ಅಪಾಯ ಎಂಬ ಪಾಠ ಅದರ ತಲೆಯಲ್ಲಿ ಒಟ್ಟಾರೆ ಕೂತಿರಲಿಲ್ಲ. ನಾಲ್ಕು ಕಾಲಿನ ಮೈಗೆ ಏನು ಸಾಧ್ಯ ಎಂಬುದಷ್ಟೇ ಕೂತಿತ್ತು. ಮೈ ಬದಲಾದಾಗ ಲೆಕ್ಕ ಮತ್ತೆ ಮೊದಲಿನಿಂದ. ದೊಡ್ಡ ಮಕ್ಕಳಲ್ಲೂ ಸೈಕಲ್ ಹೊಸದಾಗಿ ಬಂದಾಗ, ಒಮ್ಮೆಲೇ ಉದ್ದ ಬೆಳೆದಾಗ, ಕಾಲು ಕೈಗಳ ಅಳತೆ ಮನಸ್ಸಿನ ಅಳತೆಗಿಂತ ಮುಂದೆ ಹೋಗಿರುತ್ತದೆ.

ಇನ್ನು ಗಂಡು ಹೆಣ್ಣಿನ ಮಾತು. ಹುಡುಗರಿಗೆ ಪೆಟ್ಟು ಹೆಚ್ಚು ಎಂಬುದು ದೇಶದೇಶಗಳ ಆಸ್ಪತ್ರೆ ದಾಖಲೆಗಳಲ್ಲಿ ಕಾಣುವ ಸಂಗತಿ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಬಾರ್ಬರಾ ಮೊರಾಂಜೆಲೊ ಇದರ ಹಿಂದಿನ ಮನಸ್ಸನ್ನು ಮೂರು ದಶಕ ಕೆದಕಿದ್ದಾರೆ. ಪೆಟ್ಟಾದ ಮಕ್ಕಳನ್ನು “ಹೇಗಾಯಿತು?” ಎಂದು ಕೇಳಿದಾಗ ಹುಡುಗಿಯರು ತಾವು ಮಾಡಿದ ಯಾವುದೋ ಕೆಲಸವನ್ನು ಹೆಸರಿಸುತ್ತಿದ್ದರು. ಹುಡುಗರು ‘ನನ್ನ ಅದೃಷ್ಟ ಕೆಟ್ಟಿತ್ತು’ ಎನ್ನುವುದು ಹೆಚ್ಚು. ಮನೆಯಲ್ಲಿ ಹೇಳದೆ ಮುಚ್ಚಿಡುವುದೂ ಹುಡುಗರಲ್ಲೇ ಹೆಚ್ಚು. ನಮ್ಮ ಗ್ರಹಚಾರದ ಮಾತಿನ ಬೆಲೆ ಎಷ್ಟೆಂದು ಇಲ್ಲಿ ತಿಳಿಯುತ್ತದೆ. ಬಿದ್ದದ್ದು ಅದೃಷ್ಟದಿಂದ ಎಂದಾದರೆ ಬಿದ್ದದ್ದರಿಂದ ಕಲಿಯುವಂಥದ್ದೇನೂ ಉಳಿಯುವುದಿಲ್ಲ. ನಾಳೆ ಅದೇ ಕೊಂಬೆ, ಅದೇ ಕೈ. ಅಜ್ಜಿಯ ಇಳಿಯಿಂದ ಮಗುವಿಗೆ ಸಮಾಧಾನ ಸಿಗುತ್ತದೆ, ಅದು ಬೇಡವೆನ್ನಲಾರೆ. ಆದರೆ ಇಳಿ ತೆಗೆದಾದ ಮೇಲೆ ಮಗುವನ್ನು ಕೂರಿಸಿಕೊಂಡು, ಬೀಳುವ ಮುಂಚೆ ಕಾಲು ಎಲ್ಲಿಟ್ಟಿದ್ದೆ, ಕೈಯಲ್ಲಿ ಏನು ಹಿಡಿದಿದ್ದೆ, ಯಾರು ಓಡಿಸಿಕೊಂಡು ಬರುತ್ತಿದ್ದರು ಎಂದು ಬೈಯದೆ ಕೇಳುವವರು ಕಡಿಮೆ. ಮೊರಾಂಜೆಲೊ ಅವರೇ ತಾಯಂದಿರ ಪ್ರತಿಕ್ರಿಯೆಯನ್ನು ಅಭ್ಯಾಸ ಮಾಡಿದಾಗ ಹೆಣ್ಣುಮಕ್ಕಳಿಗೆ ಎಚ್ಚರಿಕೆ, ಗಂಡುಮಕ್ಕಳಿಗೆ ಹುರಿದುಂಬಿಸುವ ಮಾತು ಹೆಚ್ಚಾಗಿ ಸಿಗುತ್ತಿದ್ದವು. “ಗಂಡ್ಸಾಗಿ ಅಳ್ತೀಯೇನ್ಲ” ಎಂಬ ನಮ್ಮ ಮಾತಿಗೆ ಕೆನಡಾದಲ್ಲೂ ನೆಂಟರಿದ್ದಾರೆ.

ಕೆಲವು ಮಕ್ಕಳಲ್ಲಿ ಈ ತಡೆಯ ಕೊರತೆ ಸ್ವಭಾವದ ಮಿತಿಯನ್ನು ದಾಟಿರುತ್ತದೆ. ಗಮನ ನಿಲ್ಲದ, ಕೂತಲ್ಲಿ ಕೂರಲಾಗದ, ಯೋಚನೆಗೆ ಮೊದಲು ಕೈ ಓಡುವ ಸ್ಥಿತಿಗೆ ಎಡಿಎಚ್‌ಡಿ ಎಂದು ಹೆಸರು. ಬೆಂಗಳೂರಿನ ನಿಮ್ಹಾನ್ಸ್‌ನ ಶೋಬಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ನಗರ, ಕೊಳೆಗೇರಿ, ಹಳ್ಳಿಗಳ ಮಕ್ಕಳನ್ನು ಮನೆಮನೆಗೆ ಹೋಗಿ ನೋಡಿ 2005ರಲ್ಲಿ ವರದಿ ಮಾಡಿದರು. 16 ವರ್ಷದೊಳಗಿನವರಲ್ಲಿ ನೂರಕ್ಕೆ 12.5 ಮಕ್ಕಳಿಗೆ ಒಂದಲ್ಲ ಒಂದು ಬಗೆಯ ಮನೋವೈದ್ಯಕೀಯ ತೊಂದರೆ ಇತ್ತು. ಎಡಿಎಚ್‌ಡಿ ಅವುಗಳಲ್ಲೊಂದು. ಡೆನ್ಮಾರ್ಕಿನಲ್ಲಿ ದೇಶದ ದಾಖಲೆಗಳನ್ನೇ ಜೋಡಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಮಕ್ಕಳಿಗೆ ಗಾಯಗಳು ಹೆಚ್ಚು ಎಂಬುದಷ್ಟೇ ಅಲ್ಲ, ಔಷಧ ಶುರುವಾದ ಮೇಲೆ ಗಾಯಗಳೂ ತುರ್ತು ಚಿಕಿತ್ಸೆಯ ಭೇಟಿಗಳೂ ಗಣನೀಯವಾಗಿ ಇಳಿದದ್ದೂ ಕಂಡಿತು. ಹಾಗೆಂದು ತುಂಟತನಕ್ಕೆಲ್ಲ ಗುಳಿಗೆ ಎಂದು ಹೊರಡಬಾರದು. ಕಣ್ಣು ಮಂಜಾಗಿದ್ದೂ ಪರೀಕ್ಷೆಯಾಗದ ಮಗು, ಆಗಾಗ ಕ್ಷಣಕಾಲ ಪ್ರಜ್ಞೆ ತಪ್ಪುವ ಅಪಸ್ಮಾರದ ಮಗು, ರಾತ್ರಿ ಸರಿಯಾಗಿ ನಿದ್ದೆಯಿಲ್ಲದ ಮಗು ಕೂಡ ಹೊರಗಿನಿಂದ ‘ಮೈಮೇಲೆ ಜ್ಞಾನವಿಲ್ಲದವ’ನಂತೆಯೇ ಕಾಣುತ್ತದೆ.

ಇಲ್ಲಿಯವರೆಗೆ ಮಗುವಿನ ಮನಸ್ಸಿನ ಮಾತಾಯಿತು. ಆದರೆ ಪೆಟ್ಟಿನಲ್ಲಿ ಪಾಲಿರುವುದು ಅದೊಂದೇ ಮನಸ್ಸಲ್ಲ. 1978ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್ ಬಡಾವಣೆಯಲ್ಲಿ ಜಾರ್ಜ್ ಬ್ರೌನ್ ಮತ್ತು ಸೂಸನ್ ಡೇವಿಡ್‌ಸನ್ ಮಕ್ಕಳ ಅಪಘಾತಗಳನ್ನು ತಾಯಿಯ ಮನಃಸ್ಥಿತಿಯ ಪಕ್ಕದಲ್ಲಿಟ್ಟು ನೋಡಿದರು. ಕೂಲಿ ವರ್ಗದ ಮನೆಗಳಲ್ಲಿ, ಅದರಲ್ಲೂ ತಾಯಿ ಖಿನ್ನತೆಯಲ್ಲಿದ್ದಾಗ, ಅಪಘಾತಗಳು ಬಹಳ ಹೆಚ್ಚು. ತಾಯಿ ಚೇತರಿಸಿಕೊಂಡ ಮನೆಗಳಲ್ಲಿ ಮಗು ಬದಲಾಗಿರುವುದಿಲ್ಲ, ಅದರ ಉಮೇದು ಅದೇ, ತಪ್ಪು ಅಂದಾಜೂ ಅದೇ. ಬದಲಾಗುವುದು, ಮಗು ಅಂಚಿಗೆ ಹೋದಾಗ ಥಟ್ಟನೆ ಕತ್ತೆತ್ತುವ ಕಣ್ಣು. ಖಿನ್ನತೆಯಲ್ಲಿ ಮನಸ್ಸು ಒಳಕ್ಕೆ ಸೆಳೆಯುತ್ತದೆ. ಸುತ್ತಣ ಸದ್ದು ದೂರವಾಗುತ್ತದೆ. ಮಗು ಸುಮ್ಮನಾದದ್ದೇ ಅಪಾಯದ ಸೂಚನೆ ಎಂದು ಗ್ರಹಿಸಲು ಬೇಕಾದ ಎಚ್ಚರ ಅಲ್ಲಿರುವುದಿಲ್ಲ.

ಹೊಗೆಸೊಪ್ಪಿನ ಮನೆಯಲ್ಲಿ ಇದಕ್ಕೆ ಖಿನ್ನತೆಯೇ ಬೇಕಿಲ್ಲ. ಮೂರು ರಾತ್ರಿ ಒಲೆ ಕಾದ ದೇಹಕ್ಕೆ ನಾಲ್ಕನೆಯ ದಿನ ಕಣ್ಣು ತೆರೆದಿದ್ದರೂ ಕಾಣುವುದಿಲ್ಲ. ಹರಾಜಿನಲ್ಲಿ ಬೆಲೆ ಬಿದ್ದೀತೆಂಬ ಚಿಂತೆ, ಸಾಲದ ಕಂತು, ಕುಡಿದು ಬರುವ ಗಂಡನಿದ್ದರೆ ಅದೊಂದು. ಮಗುವನ್ನು ನೋಡಿಕೊಳ್ಳುವ ಕೆಲಸ ಎಂಟು ವರ್ಷದ ಅಕ್ಕನ ಸೊಂಟಕ್ಕೆ ವರ್ಗವಾಗುತ್ತದೆ. ಅಕ್ಕ ನೋಡಿಕೊಂಡರೆ ಆಗದೇ? ಮೊರಾಂಜೆಲೊ ತಂಡ ಇದನ್ನೂ ಪರೀಕ್ಷಿಸಿದೆ. ಒಡಹುಟ್ಟಿದವರ ಕಾವಲಿನಲ್ಲಿ ಚಿಕ್ಕ ಮಕ್ಕಳು ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುತ್ತವೆ. ಅಕ್ಕನಿಗೂ ಅಪಾಯದ ಅಂದಾಜು ಇನ್ನೂ ಪಕ್ವವಾಗಿಲ್ಲ. ಅವ್ವನ ಮಾತಿಗೆ ನಿಲ್ಲುವಷ್ಟು ತಮ್ಮ ಅಕ್ಕನ ಮಾತಿಗೆ ನಿಲ್ಲುವುದೂ ಇಲ್ಲ. ಅಂಥ ಮನೆಯಲ್ಲಿ ತಮ್ಮ ಸುಟ್ಟುಕೊಂಡರೆ ಏಟು ಬೀಳುವುದು ಅಕ್ಕನ ಬೆನ್ನಿಗೆ. ಈ ಅನ್ಯಾಯವನ್ನು ಯಾರೂ ದಾಖಲಿಸುವುದಿಲ್ಲ.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಪದೇ ಪದೇ ಪೆಟ್ಟಾಗುವ ಎಲ್ಲ ಮಕ್ಕಳೂ ಬಿದ್ದಿರುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು 1962ರಲ್ಲಿ ಹೊಡೆತ ತಿಂದ ಮಗುವಿನ ಲಕ್ಷಣಗಳನ್ನು ವಿವರಿಸುವವರೆಗೆ, ಎಕ್ಸ್‌ರೇಯಲ್ಲಿ ಹಳೆಯ ಹೊಸ ಮುರಿತಗಳು ಒಟ್ಟಿಗೆ ಕಂಡರೂ ವೈದ್ಯರು ‘ಬಿದ್ದ’ ಎಂಬ ಮಾತನ್ನು ನಂಬಿಬಿಡುತ್ತಿದ್ದರು. ಇನ್ನೂ ನಡೆಯದ ಕೂಸಿನ ಮೂಳೆ ಮುರಿದಿದ್ದರೆ, ಹೇಳುವ ಕಥೆಗೂ ಗಾಯದ ಆಕಾರಕ್ಕೂ ತಾಳೆಯಾಗದಿದ್ದರೆ, ಕೇಳಿದಾಗಲೆಲ್ಲ ಕಥೆ ಬದಲಾಗುತ್ತಿದ್ದರೆ, ಆಶಾ ಕಾರ್ಯಕರ್ತೆಯೋ ಮೇಷ್ಟ್ರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಲು ಹಿಂದೆಮುಂದೆ ನೋಡಬಾರದು. ಹರೆಯದವರಲ್ಲಿ ‘ಆಕಸ್ಮಿಕ’ ಗಾಯಗಳು ಒಂದರ ಹಿಂದೊಂದು ಬರುತ್ತಿದ್ದರೆ ಮನಸ್ಸಿನ ನೋವನ್ನು ಕೇಳಿ ನೋಡಬೇಕು. ಅಷ್ಟರ ಮಟ್ಟಿಗೆ ಫ್ರಾಯ್ಡ್ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಲಾಗದು.

ಈಗ ತಾಯಿ ಹೇಳಿದ ಅರ್ಧ ನಿಜದ ಇನ್ನರ್ಧಕ್ಕೆ ಬರೋಣ. ಮಗುವಿನ ಕಾಲು ನೆಲದ ಮೇಲೆ ನಿಲ್ಲದು, ಸರಿ. ಆದರೆ ಅದು ಇಳಿಯುವ ನೆಲ ಎಂಥದು? ಅದೇ ಉಮೇದಿನ ಮಗು, ಕಾಪು ಇರುವ ಜಾಗದಲ್ಲಿ ಮೊಣಕಾಲು ತರಚಿಕೊಂಡು ಮನೆಗೆ ಬರುತ್ತದೆ. ಬೇಲಿಯಿಲ್ಲದ ಕೃಷಿ ಹೊಂಡಕ್ಕೆ ಬಿದ್ದರೆ ಮನೆಗೆ ಬರುವುದೇ ಇಲ್ಲ. ಪ್ಲಾಸ್ಟಿಕ್ ಹಾಸಿದ ಹೊಂಡದ ಓರೆ ಗೋಡೆ ಪಾಚಿ ಹಿಡಿದ ಮೇಲೆ ಈಜು ಬಲ್ಲ ದೊಡ್ಡವರನ್ನೂ ಮೇಲೆ ಬರಗೊಡದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2008ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ದಿನಕ್ಕೆ 2,000ಕ್ಕೂ ಹೆಚ್ಚು ಮಕ್ಕಳು ಇಂಥ ಆಕಸ್ಮಿಕ ಗಾಯಗಳಿಂದ ಸಾಯುತ್ತಿದ್ದರು, ಬಹುಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಸ್ವೀಡನ್ನಿನ ಮಕ್ಕಳೇನು ಹುಟ್ಟುತ್ತಲೇ ಹುಷಾರಿಗಳೇ? ಅಲ್ಲಿನ ಮನೋವಿಜ್ಞಾನಿ ಸ್ಟೀನಾ ಸಾಂಡೆಲ್ಸ್ 1960ರ ದಶಕದಲ್ಲಿ ಮಕ್ಕಳು ರಸ್ತೆ ದಾಟುವುದನ್ನು ವರ್ಷಗಟ್ಟಲೆ ನೋಡಿ, ಚಿಕ್ಕ ಮಕ್ಕಳನ್ನು ಸಂಚಾರಕ್ಕೆ ಹೊಂದಿಸಲು ಆಗದು, ಸಂಚಾರವನ್ನೇ ಮಕ್ಕಳಿಗೆ ಹೊಂದಿಸಬೇಕು ಎಂದರು. ಆಮೇಲೆ ಬಂದ ಸಂಶೋಧನೆ ಅವರ ಮಾತಿಗೆ ಬಲ ಕೊಟ್ಟಿದೆ. ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ನೇರ ತನ್ನತ್ತ ಬರುವ ವಾಹನ ಹತ್ತಿರವಾಗುತ್ತಿದೆ ಎಂಬುದನ್ನು ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣು ನೆಚ್ಚುವಂತೆ ಗ್ರಹಿಸಲಾರದು ಎಂದು 2011ರಲ್ಲಿ ಬ್ರಿಟನ್ನಿನ ತಂಡವೊಂದು ತೋರಿಸಿತು. ಹುಣಸೂರಿನ ಮೇಲೆ ಹಾದು ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಅಷ್ಟು ನಿಧಾನಕ್ಕೆ ಹೋಗುವ ಕಾರನ್ನು ಹುಡುಕಬೇಕು.

ಜಾಗವನ್ನು ಸರಿಪಡಿಸುವುದು ಎಂದರೆ ಮಗುವನ್ನು ಕಟ್ಟಿಹಾಕುವುದಲ್ಲ. ಹತ್ತದ, ನೆಗೆಯದ, ಬೀಳದ ಮಗುವಿಗೆ ತನ್ನ ಮೈಯ ಅಳತೆ ಸಿಗುವುದೇ ಇಲ್ಲ. ಬಿದ್ದರೆ ತರಚುವಷ್ಟೇ ಎತ್ತರದ ಕೊಂಬೆಗಳು ಬೇಕು, ಮುಳುಗದಷ್ಟು ನೀರಿನಲ್ಲಿ ಈಜು ಕಲಿಸುವವರು ಬೇಕು, ಹತ್ತುವ ಮುನ್ನ “ಎಟಕುತ್ತಾ? ಮೊದಲು ಅಳೆದು ನೋಡು” ಎಂದು ಕೇಳುವ ಅಭ್ಯಾಸ ಬೇಕು. ನುಗ್ಗುವ ಸ್ವಭಾವದ ಮಗುವಿಗೆ ಹತ್ತು ಸಲ ‘ಹುಷಾರು’ ಹೇಳುವುದಕ್ಕಿಂತ, ಹೊರಡುವ ಮುಂಚೆ ಒಂದು ಉಸಿರು ನಿಲ್ಲುವುದನ್ನು ಆಟದಲ್ಲೇ ರೂಢಿ ಮಾಡಿಸುವುದು ಮೇಲು. ನಮ್ಮ ಹಳೆಯ ‘ಕಲ್ಲಾಟ’, ‘ಕುಂಟೆಬಿಲ್ಲೆ’ಗಳಲ್ಲಿ ಗೆರೆಯ ಮುಂದೆ ತಡೆದು ನಿಲ್ಲುವ ಪಾಠ ತಾನಾಗಿ ಇದೆ. ಒಲೆಯ ಬಾಯಿ, ಹೊಂಡ, ಹೆದ್ದಾರಿಗಳಂಥ ಕಡೆ ಮಾತ್ರ ಪಾಠಕ್ಕೆ ಅವಕಾಶವಿಲ್ಲ. ಅಲ್ಲಿ ಬೇಲಿ, ಬಾಗಿಲು, ದೊಡ್ಡವರ ಕಣ್ಣು.

ಆ ಕಣ್ಣು ಎಲ್ಲಿಂದ ತರುವುದು? ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೆರೆ ಹೊಂಡಗಳಿಗೆ ಬಿದ್ದು ಸಾಯುವ ಕೂಸುಗಳ ಸಂಖ್ಯೆ ಭಯಂಕರವಾಗಿತ್ತು. ‘ಆಂಚಲ್’ ಎಂಬ ಹೆಸರಿನ ಪುಟ್ಟ ಶಿಶುಕೇಂದ್ರಗಳನ್ನು ಊರಿನ ಹೆಂಗಸರಿಂದಲೇ ನಡೆಸಿದರು. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಮಾತ್ರ, ಏಕೆಂದರೆ ತಾಯಂದಿರು ಕೆಲಸದಲ್ಲಿ ಮುಳುಗಿರುವ ಆ ಹೊತ್ತಿನಲ್ಲೇ ಮಕ್ಕಳು ನೀರಿಗೆ ಬೀಳುತ್ತಿದ್ದವು. ಕೇಂದ್ರಕ್ಕೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವುದು ಬಹಳವಾಗಿ ಇಳಿಯಿತು. ನಮ್ಮಲ್ಲೂ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ‘ಕೂಸಿನ ಮನೆ’ಗಳು ಶುರುವಾಗಿವೆ. ಆಂಚಲ್‌ನ ಜಾಣತನ ಇದ್ದದ್ದು ಕಟ್ಟಡದಲ್ಲಲ್ಲ, ಅಪಾಯದ ಹೊತ್ತನ್ನು ಮೊದಲು ಪತ್ತೆಹಚ್ಚಿ ಆಮೇಲೆ ಬಾಗಿಲು ತೆರೆದದ್ದರಲ್ಲಿ. ಹೊಗೆಸೊಪ್ಪಿನ ಸೀಮೆಯ ಅಪಾಯದ ಹೊತ್ತು ಕಚೇರಿಯ ವೇಳೆಗೆ ಹೊಂದುವಂಥದ್ದಲ್ಲ. ಅದು ಆಗಸ್ಟಿನಿಂದ ಅಕ್ಟೋಬರಿನವರೆಗೆ ಹೆಚ್ಚು, ಸೊಪ್ಪು ಕಟ್ಟುವ ಸಂಜೆಗಳಲ್ಲಿ ಹೆಚ್ಚು, ರಾತ್ರಿ ಒಲೆ ಕಾದ ಮರುದಿನ ಮಧ್ಯಾಹ್ನ ಹೆಚ್ಚು. ಪಂಚಾಯಿತಿಯವರು ಆ ಮೂರು ತಿಂಗಳಿಗೆ ಬೇರೆಯೇ ವೇಳಾಪಟ್ಟಿ ಬರೆಯಲು ಕೂತರೆ, ಮಾಹಿತಿಗೆ ಬೆಂಗಳೂರಿಗೆ ಹೋಗಬೇಕಿಲ್ಲ. ಬ್ಯಾರನ್ ಇರುವ ಮನೆಯ ಹೆಂಗಸರನ್ನು ಕೇಳಿದರೆ ಗಂಟೆ ಸಮೇತ ಹೇಳುತ್ತಾರೆ.